ಪ್ಯಾರಾಕ್ಕೊಂದು ಭಾಷೆಯ ಗುರುತು

ಮಠದ ವೆಬ್‌ಸೈಟಿನಲ್ಲಿ ಕನ್ನಡ ಅಕ್ಷರ ಕಾಣುವುದೇ ಇಲ್ಲ ಎಂದು ಮೊದಲು ಹೇಳಿದವರು ಅಜ್ಜಾರು. ಅಜ್ಜಾರು ಎಂದರೆ ನಮ್ಮ ಮಠದ ಹಿರಿಯ ಸ್ವಾಮಿಗಳು. ಧಾರವಾಡದ ಕಡೆಯವರು. ಕಾಶಿಗೆ ಬಂದು ಐವತ್ತು ವರ್ಷವಾದರೂ ಅವರ ಮಾತು ಇನ್ನೂ ಅಲ್ಲಿಯದೇ. ಚಳಿಗಾಲದ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದವರು, ಕಚೇರಿಯ ಬಾಗಿಲಲ್ಲಿ ಬಿಸಿಲು ಬೀಳುವ ಜಾಗಕ್ಕೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಮಠದ ಟ್ಯಾಬನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದರು, ಒಮ್ಮೆ ತೋಳು ಚಾಚಿ ದೂರ ಹಿಡಿದರು.

"ಏ ಮಗಳ, ಇಲ್ಲಿ ಬಾ. ಈ ಹಿಂದಿ ನೋಡು, ಕಡ್ಲಿಕಾಳಿನಂಗ ಅದಾವ ಅಕ್ಷರ. ಕನ್ನಡ ನೋಡು, ಸಾಸ್ವಿ ಚೆಲ್ಲಿದಂಗ. ನಮ್ಮ ಮಠದಾಗ ನಮ್ಮ ಭಾಷಾನ ಯಾಕ ಇಷ್ಟು ಸಣ್ಣದು?"

"ಎರಡೂ ಒಂದೇ ಅಳತಿ ಅಜ್ಜಾರ. ಇದೂ ಹದಿನಾರು, ಅದೂ ಹದಿನಾರು."

"ಅಳತಿ ನಿನ್ನ ಕಂಪ್ಯೂಟರಿಗೆ ಒಂದ. ನನ್ನ ಕಣ್ಣಿಗೆ ಒಂದಲ್ಲ" ಎಂದು ಟ್ಯಾಬನ್ನು ನನ್ನ ಕೈಗಿಟ್ಟರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕನ್ನಡದ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇವಕ್ಕೆಲ್ಲ ಜಾಗ ಬಿಟ್ಟುಕೊಟ್ಟು ಅಕ್ಷರದ ಮೈ ಸಣ್ಣದಾಗಿಬಿಡುತ್ತದೆ. ನಾನು ಮೂರು ವರ್ಷ ಆ ಪುಟಗಳನ್ನು ದಿನಾ ನೋಡಿದ್ದೆ. ನನಗದು ಕಂಡಿರಲಿಲ್ಲ.

ಕಾಣದಿರಲು ಕಾರಣವೂ ಇದೆ. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ. ನಮ್ಮಪ್ಪ ಮಠದ ಗ್ರಂಥಭಂಡಾರ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಓದಿದ್ದು ಹಿಂದಿ ಶಾಲೆ. ಕನ್ನಡದ ಅಕ್ಷರಗಳನ್ನು ಅಪ್ಪ ಗೋಡೆಯ ಕ್ಯಾಲೆಂಡರ್ ತೋರಿಸಿ ಕಲಿಸಿದರು. ಸೋಮವಾರ, ಮಂಗಳವಾರ, ಹುಣ್ಣಿಮೆ, ಏಕಾದಶಿ ಇವು ನಾನು ಮೊದಲು ಓದಿದ ಪದಗಳು. ಹೀಗಾಗಿ ಕನ್ನಡ ಓದುವಾಗ ನಾನು ಈಗಲೂ ನಡೆಯುತ್ತೇನೆ, ಹಿಂದಿಯಲ್ಲಿ ಓಡುತ್ತೇನೆ. ಮದುವೆಯಾದ ಮೇಲೆ ಸೋನಾರಪುರದ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಿ ಟೈಪಿಂಗ್, ವೆಬ್‌ಪುಟ ಮಾಡುವುದು ಎಲ್ಲ ಕಲಿತೆ. ಅದೂ ಹಿಂದಿಯಲ್ಲೇ. ನನ್ನ ಗಂಡನದು ಘಾಟಿನ ಹತ್ತಿರ ಇಡ್ಲಿ ದೋಸೆಯ ಅಂಗಡಿ. ಬೆಳಗಿನ ಗಡಿಬಿಡಿ ಮುಗಿದ ಮೇಲೆ ಅಲ್ಲಿ ನನಗೆ ಕೆಲಸವಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಮಠದ ಕಚೇರಿಯಲ್ಲಿ ಕೂರುತ್ತೇನೆ.

ಮಠದ ವೆಬ್‌ಸೈಟನ್ನು ಮೊದಲು ಮಾಡಿದವರು ಮಾಸ್ತರು. ಧಾರವಾಡದಲ್ಲಿ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು, ಸೇವೆ ಮಾಡುತ್ತೇನೆಂದು ಬಂದು ಎರಡು ವರ್ಷ ಇಲ್ಲಿದ್ದರು. ಕೊಠಡಿ ಸಿಗುವ ಬಗೆ, ಪ್ರಸಾದದ ವೇಳೆ, ಪೂಜೆಯ ವಿವರ, ಮಠದ ಹಳೆಯ ಕಥೆಗಳು, ಯಾತ್ರಿಕರ ಪತ್ರಗಳು, ಇವನ್ನೆಲ್ಲ ಒಬ್ಬರೇ ಕೂತು ಟೈಪು ಮಾಡಿದ್ದರು. ಕನ್ನಡವೂ ಹಿಂದಿಯೂ ಸಂಸ್ಕೃತವೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇರುತ್ತಿದ್ದವು. ಅವರು ಊರಿಗೆ ಮರಳಿದ ಮೇಲೆ ಆ ಕುರ್ಚಿ ನನಗೆ ಬಂತು. ಅವರ ಪುಟವೊಂದನ್ನು ನಕಲು ಮಾಡಿ, ಒಳಗಿನ ಮಾತು ಅಳಿಸಿ, ಹೊಸ ಮಾತು ತುಂಬುವುದು ನನ್ನ ಪದ್ಧತಿ. ಅವರು ಪ್ರತಿ ಪ್ಯಾರಾದ ಟ್ಯಾಗಿನಲ್ಲಿ, ಅಂದರೆ ಪ್ಯಾರಾದ ಶುರುವಿನಲ್ಲಿ ಕಂಪ್ಯೂಟರಿಗೆಂದು ಹಾಕುವ ಗುರುತಿನಲ್ಲಿ, ಲ್ಯಾಂಗ್ ಎಂದು ಏನೋ ಒಂದು ಬರೆದಿಡುತ್ತಿದ್ದರು. ನೋಡುವವರಿಗೆ ಅದು ಕಾಣಿಸುವುದೇ ಇಲ್ಲ. ಸುಮ್ಮನೆ ಹೆಚ್ಚಿನ ಕೆಲಸ ಎಂದುಕೊಂಡು ನಾನು ಎಷ್ಟೋ ಕಡೆ ಅದನ್ನು ಬಿಟ್ಟುಬಿಟ್ಟಿದ್ದೆ.

ಅಜ್ಜಾರು ಹೇಳಿದ ದಿನವೇ ಸ್ಟೈಲ್‌ಶೀಟ್ ತೆರೆದೆ. ಪುಟದ ಮಾತುಗಳು ಒಂದು ಕಡತದಲ್ಲಿ ಇರುತ್ತವೆ. ಆ ಮಾತುಗಳು ಹೇಗೆ ಕಾಣಬೇಕು ಎನ್ನುವ ಅಪ್ಪಣೆಗಳು ಈ ಇನ್ನೊಂದು ಕಡತದಲ್ಲಿ. ಹದಿನಾರು ಇದ್ದದ್ದನ್ನು ಇಪ್ಪತ್ತು ಮಾಡಿದೆ. ಕನ್ನಡ ದೊಡ್ಡದಾಯಿತು. ಹಿಂದಿಯೂ ದೊಡ್ಡದಾಯಿತು. ಪೂಜೆಯ ವೇಳಾಪಟ್ಟಿ ಟ್ಯಾಬಿನ ಬಲಗಡೆ ಹೊರಗೆ ಚಾಚಿಕೊಂಡಿತು, ಶ್ಲೋಕಗಳು ನಡುವೆ ಮುರಿದು ಕೆಳಗಿನ ಸಾಲಿಗೆ ಬಿದ್ದವು.

"ಈಗ ಹಿಂದಿ ಬಟಾಟಿಯಾತು, ಕನ್ನಡ ಕಡ್ಲಿಯಾತು" ಎಂದು ಅಜ್ಜಾರು ನಕ್ಕರು. "ಎಲ್ಲಾನೂ ಹಿಗ್ಗಸಬ್ಯಾಡ. ಕನ್ನಡ ಅಷ್ಟ."

ಅಳತೆಯನ್ನು ಮತ್ತೆ ಹದಿನಾರಕ್ಕೇ ಇಳಿಸಿದೆ. ಕನ್ನಡ ಅಷ್ಟನ್ನೇ ಹಿಗ್ಗಿಸಲು ನನಗೆ ಗೊತ್ತಿದ್ದ ದಾರಿ ಒಂದೇ. ಪ್ರತಿ ಕನ್ನಡ ಪ್ಯಾರಾಕ್ಕೆ ಒಂದು ಹೆಸರು ಕೊಟ್ಟು, ಆ ಹೆಸರಿನವಕ್ಕೆಲ್ಲ ದೊಡ್ಡ ಅಕ್ಷರ ಎಂದು ಹೇಳುವುದು. ಪುಟಗಳು ಮುನ್ನೂರರ ಮೇಲಿದ್ದವು. ಎರಡು ದಿನದಲ್ಲಿ ಹನ್ನೊಂದು ಪುಟ ಮುಗಿಸಿದೆ. ಮೂರನೆಯ ದಿನ ಕುತ್ತಿಗೆ ಹಿಡಿದುಕೊಂಡಿತು. ಅಮೃತಾಂಜನ ಹಚ್ಚಿಕೊಂಡು ಮಾಸ್ತರರಿಗೆ ಫೋನ್ ಮಾಡಿದೆ.

"ಆರಾಮ ಇದ್ದೀ ಏನವಾ? ಕಾಶ್ಯಾಗ ಥಂಡಿ ಹೆಂಗದ?" ಎಂದು ಶುರುಮಾಡಿದರು. ನಾನು ನನ್ನ ಕಷ್ಟ ಹೇಳಿಕೊಂಡೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಹನ್ನೊಂದು ಪುಟ ಕೈಲೆ ಮಾಡಿದೀ?" ಎಂದರು.

"ಹೂಂ ಮಾಸ್ತರ."

"ತಂಗಿ, ನಾ ಪ್ರತಿ ಪ್ಯಾರಾಕ್ಕ ಭಾಷಾ ಬರದಿಟ್ಟೀನಲ್ಲ. ಕನ್ನಡಕ್ಕ ಕೆಎನ್. ಹಿಂದಿಗೆ ಎಚ್‌ಐ. ಸಂಸ್ಕೃತಕ್ಕ ಎಸ್‌ಎ. ಅದನ್ನ ಹಿಡಕೊಂಡು ಕರಿ. ನೀ ಹೊಸಾ ಹೆಸರು ಇಡೂದು ಯಾಕ?"

"ಅದನ್ನ ಹಿಡಿದು ಕರೀಲಿಕ್ಕೆ ಬರ್ತದಾ?"

"ಬರ್ತದಲ್ಲ! ಟ್ಯಾಗಿನೊಳಗ ಏನ ಬರದಿದ್ರೂ ಅದು ಅದರ ಗುಣ. ಸ್ಟೈಲ್‌ಶೀಟಿನ್ಯಾಗ ಚೌಕಾಕಾರದ ಕಂಸಾ ಹಾಕು, ಒಳಗ ಲ್ಯಾಂಗ್ ಅಂತ ಬರಿ, ಸಮ ಚಿಹ್ನೆ, ಆಮ್ಯಾಲ ಕೆಎನ್. ಅಂದ್ರ ಏನರ್ಥ? ಯಾವ್ಯಾವುದಕ್ಕ ಭಾಷಾ ಕನ್ನಡ ಅಂತ ಬರದದೋ ಅವೆಲ್ಲಾ ಮುಂದ ಬರ್ರಿ ಅಂತ. ಎಷ್ಟ ಪುಟ ಇರಲಿ, ಬರ್ತಾವ."

ನನಗೆ ಒಂದು ಪ್ರಶ್ನೆ ಬಂತು. ಇಷ್ಟು ವರ್ಷ ಕೇಳಬಹುದಿತ್ತು, ಕೇಳಿರಲಿಲ್ಲ. "ಮಾಸ್ತರ, ಇದು ಮುಂದ ಉಪಯೋಗ ಆಗ್ತದಂತ ಗೊತ್ತಿದ್ದು ಬರದ್ರೇನು?"

"ಛೇ, ಇಲ್ಲ. ನಮ್ಮನಿಯಾಕಿಗೆ ಕಣ್ಣು ಮಂಜಲ್ಲೇನು. ಫೋನೇ ಓದಿ ಹೇಳಬೇಕು ಆಕಿಗೆ. ಭಾಷಾ ಬರೀದಿದ್ರ ಆ ಫೋನು ಕನ್ನಡಾನ ಇಂಗ್ಲಿಷ್ ಧಾಟಿಯೊಳಗ ಓದ್ತದ, ಇಲ್ಲಾ ಸುಮ್ಮನ ಕೂಡ್ತದ. ಬರದ್ರ ಕನ್ನಡಕ್ಕ ಕನ್ನಡದ ದನಿ, ಹಿಂದಿಗೆ ಹಿಂದಿ ದನಿ. ನಾ ಕಾಶ್ಯಾಗ ದಿನಾ ಏನ ಬರದೆ ಅನ್ನೋದನ್ನ ಆಕಿ ಸಂಜೀಗೆ ಇಲ್ಲಿ ಕೂತು ಕೇಳ್ತಿದ್ಲು. ತಪ್ಪಿದ್ರ ಬೈತಿದ್ಲು."

ಎರಡು ವರ್ಷ ಅವರು ಬರೆದದ್ದನ್ನೆಲ್ಲ ಅವರ ಹೆಂಡತಿ ಅಷ್ಟು ದೂರದಲ್ಲಿ ಕೂತು ಕೇಳಿದ್ದರು. ಮಾಸ್ತರರು ಊರಿಗೆ ಮರಳಿದ ಮೇಲೆ ನಾನು ಬರೆದದ್ದನ್ನು ಆಕೆ ಕೇಳಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ಆ ದಿನ ಆಗಲಿಲ್ಲ.

ಫೋನಿಟ್ಟು ಆ ಒಂದು ಸಾಲು ಬರೆದೆ. ಅಕ್ಷರ ಒಂದೂಕಾಲು ಪಟ್ಟು. ಪುಟ ಮತ್ತೆ ತೆರೆದೆ. ಕನ್ನಡವೆಲ್ಲ ಎದ್ದು ಕೂತಿತ್ತು. ಹಿಂದಿ ಇದ್ದಲ್ಲೇ ಇತ್ತು, ಶ್ಲೋಕಗಳೂ ಇದ್ದಲ್ಲೇ. ಒಂದೇ ಸಾಲು. ಎರಡು ದಿನ ನಾನು ಕುತ್ತಿಗೆ ನೋಯಿಸಿಕೊಂಡದ್ದು ನೆನೆದು ಒಬ್ಬಳೇ ನಕ್ಕೆ.

ಆದರೆ ಪ್ರಸಾದ ನಿಲಯದ ಪುಟ ತೆರೆದಾಗ ನಗು ನಿಂತಿತು. "ಮಧ್ಯಾಹ್ನದ ಪ್ರಸಾದ" ಎಂಬ ಎರಡು ಪದಗಳೇ ಪರದೆಯ ಅರ್ಧ ತುಂಬಿದ್ದವು. ಯಾಕೆಂದು ತಿಳಿಯಲು ಒಂದು ಗಂಟೆ ಬೇಕಾಯಿತು. ಆ ಪುಟದಲ್ಲಿ ಮಾಸ್ತರರು ಇಡೀ ಪುಟಕ್ಕೂ ಕನ್ನಡ ಎಂದು ಬರೆದಿದ್ದರು, ಒಳಗಿನ ಪಟ್ಟಿಗೂ ಬರೆದಿದ್ದರು, ಪಟ್ಟಿಯ ಪ್ರತಿ ಸಾಲಿಗೂ ಬರೆದಿದ್ದರು. ನನ್ನ ಅಪ್ಪಣೆ ಮೂರು ಸಲ ನಡೆದಿತ್ತು. ಒಂದೂಕಾಲರ ಮೇಲೆ ಒಂದೂಕಾಲು, ಅದರ ಮೇಲೆ ಇನ್ನೊಂದು. ಒಳಗೆ ಹೋದಂತೆಲ್ಲ ಅಕ್ಷರ ಉಬ್ಬಿತ್ತು. ಅಜ್ಜಾರು ಅದನ್ನು ನೋಡಿ, "ಇದು ಚಲೋ ಆತು, ಅಂಗಳದಾಗ ನಿಂತು ಓದಬಹುದು" ಎಂದರು. ಅಳತೆಯನ್ನು ಸುತ್ತಲಿನ ಅಕ್ಷರಕ್ಕೆ ಹೋಲಿಸಿ ಹೇಳುವುದರ ಬದಲು ಇಡೀ ಪುಟದ ಮೂಲ ಅಳತೆಗೆ ಹೋಲಿಸಿ ಬರೆದೆ. ಎಷ್ಟು ಒಳಗಿದ್ದರೂ ಒಂದೇ ಗಾತ್ರ ಬಂತು.

ಇನ್ನು ಕೆಲವು ಪುಟಗಳು ಅಲುಗಾಡಲೇ ಇಲ್ಲ. ನೋಡಿದರೆ, ಮಾಸ್ತರರು ಶುರುವಿನ ದಿನಗಳಲ್ಲಿ ಕೆಎನ್ ಆದ ಮೇಲೆ ಒಂದು ಅಡ್ಡಗೆರೆ ಎಳೆದು ಐಎನ್ ಎಂದೂ ಸೇರಿಸಿದ್ದರು. ಭಾರತದ ಕನ್ನಡ ಎಂದು. ನನ್ನ ಸಾಲು ಬರೀ ಕೆಎನ್ ಇದ್ದವನ್ನು ಮಾತ್ರ ಕರೆಯುತ್ತಿತ್ತು. ಬಾಲವಿದ್ದವು ತಮ್ಮನ್ನಲ್ಲ ಎಂದು ಸುಮ್ಮನಿದ್ದವು. ಮತ್ತೆ ಫೋನ್. ಸಮ ಚಿಹ್ನೆಗೆ ಮುಂಚೆ ಒಂದು ನೆಟ್ಟಗಿನ ಗೆರೆ ಹಾಕು ಎಂದರು. ಹಾಗೆ ಹಾಕಿದರೆ ಬರೀ ಕೆಎನ್ ಇದ್ದರೂ ಬರುತ್ತದೆ, ಕೆಎನ್ ಜೊತೆ ಅಡ್ಡಗೆರೆ ಎಳೆದು ಇನ್ನೇನಾದರೂ ಬರೆದಿದ್ದರೂ ಬರುತ್ತದೆ. ಹಾಕಿದೆ, ಬಂದವು.

ಅಷ್ಟೆಲ್ಲ ಆದ ಮೇಲೂ ಸಣ್ಣದಾಗಿಯೇ ಉಳಿದ ಪುಟಗಳಿದ್ದವು. ಒಂದೊಂದೇ ತೆರೆದು ನೋಡಿದೆ. ಅವೆಲ್ಲ ನಾನು ಮಾಡಿದ ಪುಟಗಳು. ಕೆಲವಕ್ಕೆ ಭಾಷೆಯನ್ನೇ ಬರೆದಿರಲಿಲ್ಲ. ಕೆಲವನ್ನು ಮಾಸ್ತರರ ಹಿಂದಿ ಪ್ಯಾರಾದಿಂದ ನಕಲು ಮಾಡಿ, ಒಳಗೆ ಕನ್ನಡ ತುಂಬಿ, ಎಚ್‌ಐ ಎಂದಿದ್ದದ್ದನ್ನು ಹಾಗೇ ಬಿಟ್ಟಿದ್ದೆ. ಅಪ್ಪ ಕ್ಯಾಲೆಂಡರ್ ತೋರಿಸಿ ಕಲಿಸಿದ ಭಾಷೆಗೆ ನನ್ನ ಕೈಯಾರೆ ಹಿಂದಿ ಎಂದು ಬರೆದಿದ್ದೆ.

ಎಷ್ಟಿವೆ ಎಂದು ತಿಳಿಯಬೇಕಿತ್ತು. ನನ್ನ ಪುಟಗಳಲ್ಲಿದ್ದ ಎಚ್‌ಐಗಳನ್ನೆಲ್ಲ ಮೊದಲು ಅಳಿಸಿ, ಮಾಸ್ತರರು ಹೇಳಿಕೊಟ್ಟ ರೀತಿಯನ್ನೇ ತಿರುಗಿಸಿದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಗೆ ಮಾತ್ರ, ಲ್ಯಾಂಗ್ ಎಂಬುದೇ ಇಲ್ಲದ ಪ್ರತಿ ಪ್ಯಾರಾದ ಸುತ್ತ ಕೆಂಪು ಚೌಕಟ್ಟು ಬರಲಿ ಎಂದು ಬರೆದೆ. ಪುಟ ತೆರೆದರೆ ಕೆಂಪೋ ಕೆಂಪು. ಅದೇ ಹೊತ್ತಿಗೆ ಅಜ್ಜಾರು ಒಳಗೆ ಬಂದರು.

"ಇದೇನು, ಕುಂಕುಮದ ಡಬ್ಬಿ ಬಿತ್ತೇನು?"

"ಇಲ್ಲ ಅಜ್ಜಾರ. ನನ್ನ ತಪ್ಪುಗಳು."

ಅವರು ಕನ್ನಡಕ ಏರಿಸಿ ನೋಡಿದರು. "ಭಾಳ ಅದಾವಲ್ಲ" ಎಂದರು. ಕನ್ನಡಕ ಇಳಿಸಿ, "ಕಾಣ್ತಾವಲ್ಲ, ಸಾಕು. ಚಾ ಕುಡದು ಹಚ್ಚು" ಎಂದು ಹೋದರು.

ಅದಾದ ಮೇಲಿನ ಎರಡು ವಾರ ನಾನು ಮಠದಲ್ಲಿ ಕಳೆದ ದಿನಗಳಲ್ಲೇ ಒಳ್ಳೆಯವು ಎಂದು ಈಗ ಅನಿಸುತ್ತದೆ. ಲ್ಯಾಪ್‌ಟಾಪ್ ಹಿಡಿದು ಮಾಳಿಗೆಗೆ ಹೋಗುತ್ತಿದ್ದೆ. ಮಂಜು ಕರಗಿ ಹನ್ನೊಂದೂವರೆಗೆ ಬಿಸಿಲು ಬರುತ್ತಿತ್ತು. ಕೋತಿಗಳಿಗೆಂದು ಪಕ್ಕದಲ್ಲೊಂದು ಕೋಲು. ಕೆಳಗೆ ದೋಣಿಯವರು ಯಾತ್ರಿಕರನ್ನು ಕೂಗುವುದು ಕೇಳುತ್ತಿತ್ತು. ಗುರುತು ಹಚ್ಚಬೇಕಾದರೆ ಪ್ಯಾರಾವನ್ನು ಓದಬೇಕು. ಟೈಪು ಮಾಡುವಾಗ ನಾನು ಓದಿರಲಿಲ್ಲ, ಬೆರಳು ಓದಿತ್ತು ಅಷ್ಟೇ. ಈಗ ನಿಧಾನವಾಗಿ, ತುಟಿ ಅಲುಗಿಸುತ್ತ, ಕ್ಯಾಲೆಂಡರ್ ಓದಿದ ಹಾಗೆ ಓದಿದೆ.

ನಾಗರಿ ಅಕ್ಷರದಲ್ಲಿದ್ದದ್ದೆಲ್ಲ ಹಿಂದಿ ಎಂದುಕೊಂಡಿದ್ದೆ. ಸೊಲ್ಲಾಪುರದ ಒಂದು ಕುಟುಂಬ ಬರೆದ ಧನ್ಯವಾದದ ಪತ್ರ ಮರಾಠಿಯಲ್ಲಿತ್ತು. ಅಭಿಷೇಕದ ವಿವರದಲ್ಲಿ ಅರ್ಧ ಸಂಸ್ಕೃತ. ಮೂರಕ್ಕೂ ಒಂದೇ ಲಿಪಿ. ಕಂಪ್ಯೂಟರಿಗೆ ಅಕ್ಷರ ನೋಡಿ ಭಾಷೆ ತಿಳಿಯುವುದಿಲ್ಲ, ಹೇಳಿದರೆ ತಿಳಿಯುತ್ತದೆ. ಒಂದೊಂದಕ್ಕೂ ಅದರದರ ಭಾಷೆ ಬರೆದೆ.

ಮಣಿಕರ್ಣಿಕಾ ಘಾಟಿಗೆ ಅಂತ್ಯಕ್ರಿಯೆಗಾಗಿ ಬರುವ ನಮ್ಮ ಕಡೆಯ ಕುಟುಂಬಗಳಿಗೆಂದು ಒಂದು ಪುಟವಿತ್ತು. ಅದನ್ನೂ ನಾನೇ ಟೈಪು ಮಾಡಿದ್ದೆ, ಯಾವುದೋ ಹಳೆಯ ಕರಪತ್ರ ನೋಡಿ. "ಮೃತರ ಸಂಬಂಧಿಕರು ಪೂರ್ವಸೂಚನೆ ನೀಡತಕ್ಕದ್ದು" ಎಂದು ಶುರುವಾಗುತ್ತಿತ್ತು. ಮಾಳಿಗೆಯ ಬಿಸಿಲಲ್ಲಿ ಅದನ್ನು ಓದಿದಾಗ, ಅಪ್ಪ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡಿದ್ದರೆ ಹೇಗಿರುತ್ತಿತ್ತು ಎನಿಸಿತು. ಕೆಳಗೆ ಹೋಗಿ ಅಜ್ಜಾರನ್ನು ಕೇಳಿದೆ. ಅವರು, "ನಿನಗ ಹೆಂಗ ತಿಳೀತದ ಹಂಗ ಬರಿ" ಎಂದರು. ನಾನು ಆ ಹಳೆಯ ಸಾಲು ಅಳಿಸಿ, "ಹೊರಡುವ ಮುಂಚೆ ಒಂದು ಫೋನ್ ಮಾಡಿ. ಯಾವ ಹೊತ್ತಾದರೂ ಸರಿ, ಇಲ್ಲಿ ಒಬ್ಬರು ನಿಮ್ಮ ಜೊತೆ ಬರುತ್ತಾರೆ" ಎಂದು ಬರೆದೆ. ಟ್ಯಾಗಿನಲ್ಲಿ ಕನ್ನಡ ಎಂದು ಗುರುತಿಸಿದೆ. ಚೌಕಟ್ಟಿನ ಕೆಂಪು ಹೋಗಿ ಅಕ್ಷರ ದೊಡ್ಡದಾಯಿತು.

ಕೊನೆಗೆ ಒಂದೇ ಒಂದು ಕೆಂಪು ಚೌಕಟ್ಟು ಉಳಿಯಿತು. ಅದು ಆಯಿಯದು.

ಆಯಿ ಮಠದ ಅಡುಗೆಮನೆಯ ಹಿರಿಯಳು. ಬೀದರಿನ ಕಡೆಯಿಂದ ನಲವತ್ತು ವರ್ಷದ ಹಿಂದೆ ಯಾತ್ರೆಗೆಂದು ಬಂದವಳು, ಇಲ್ಲೇ ಉಳಿದಳು. ರೈಲು ಇಳಿದವರು ಮಠಕ್ಕೆ ಬರುವ ದಾರಿಯನ್ನು ಅವಳಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ. ಒಮ್ಮೆ ಅವಳು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಒಂದು ಪದವೂ ಬದಲಿಸದೆ ಕನ್ನಡ ಅಕ್ಷರದಲ್ಲಿ ಟೈಪು ಮಾಡಿದ್ದೆ. ಅದು ಹೀಗಿತ್ತು:

"ಸ್ಟೇಷನ್ ಬಾಹರ್ ಬಂದ್ರ ಆಟೋದವ್ರು ಘೇರಾ ಹಾಕ್ತಾರ. ಘಬರಾಯಿಸಬ್ಯಾಡ್ರಿ. ಗೋದೌಲಿಯಾ ಅಂತ ಹೇಳ್ರಿ, ಬಸ್, ಮುಂದಿಂದು ಏನೂ ಬೋಲಬ್ಯಾಡ್ರಿ. ಅಲ್ಲಿಂದ ಪೈದಲ್ ಬರ್ರಿ. ಗಲ್ಲ್ಯಾಗ ಸಾಂಡ್ ನಿಂತಿರ್ತದ, ಅದಕ್ಕ ಛೇಡಸಬ್ಯಾಡ್ರಿ, ಕಿನಾರೆದಿಂದ ನಿಕಲ್ರಿ. ದಹಿ ಮಾರೂ ದುಕಾನ್ ಬಂತಂದ್ರ ಬಾಯೇಂಕ ಹೊಳ್ರಿ. ಆಮ್ಯಾಲ ಯಾರ್ನ ಕೇಳಿದ್ರೂ ಬತಾಯಿಸ್ತಾರ."

ಘೇರಾ ಎಂದರೆ ಮುತ್ತಿಗೆ, ಪೈದಲ್ ಎಂದರೆ ನಡೆದು, ಸಾಂಡ್ ಎಂದರೆ ಗೂಳಿ, ದಹಿ ಎಂದರೆ ಮೊಸರು, ಬಾಯೇಂಕ ಎಂದರೆ ಎಡಕ್ಕೆ. ಇದಕ್ಕೆ ಯಾವ ಭಾಷೆ ಬರೆಯುವುದು? ಅರ್ಧ ದಿನ ಅದನ್ನೇ ನೋಡುತ್ತ ಕೂತೆ. ಸಂಜೆ ಮಗಳು ಶಾಲೆಯಿಂದ ನೇರ ಮಠಕ್ಕೆ ಬಂದಳು. ಒಂಬತ್ತನೆಯ ತರಗತಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳಿಗೆ ಗಟ್ಟಿಯಾಗಿ ಓದಿ ತೋರಿಸಿದೆ.

"ಯೇ ತೋ ಹಿಂದಿ ಹೈ, ಮಮ್ಮಿ" ಎಂದಳು. "ಪೂರಾ ಸಮಝ್ ಮೇ ಆ ಗಯಾ." ಅವಳಿಗೆ ಎಲ್ಲ ಅರ್ಥವಾಯಿತಂತೆ.

ಆಯಿ ಆಗಲೇ ಬಾಗಿಲ ಹತ್ತಿರ ಅವರೇಕಾಯಿ ಬಿಡಿಸುತ್ತ ಕೂತಿದ್ದಳು. ಕೈ ನಿಂತಿತು. "ಏನಂದ್ಲು ಇಕಿ? ನಾ ಹಿಂದಿ ಮಾತಾಡ್ತೀನಾ? ನಂಗ ಹಿಂದಿ ಆತಾನೇ ನಹೀ!"

ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ತಡೆಯಲಾಗಲಿಲ್ಲ. ಹಿಂದಿ ಬರುವುದಿಲ್ಲ ಎಂದು ತಾನು ಹಿಂದಿಯಲ್ಲೇ ಹೇಳಿದ್ದು ಆಯಿಗೆ ತಿಳಿಯಲೇ ಇಲ್ಲ. "ಆ ಹಿಂದಿ ತರಕಾರಿಯಾಂವ್ನ ಕೇಳು ಹೋಗ್" ಎಂದಳು. "ಚಾಲೀಸ್ ಸಾಲಿನಿಂದ ಹೇಳ್ತಾನ, ಅಮ್ಮಾ, ನಿಮ್ಮ ಮಾತು ಒಂದೂ ತಿಳ್ಯಾಂಗಿಲ್ಲ ಅಂತ."

ಕನ್ನಡದ ಯಾತ್ರಿಕರಲ್ಲೂ ಕೆಲವರು ಅವಳ ಮಾತು ತಿಳಿಯಲಿಲ್ಲ, ಅದು ಹಿಂದಿ ಎನ್ನುತ್ತಾರೆ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಮರುದಿನ ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ಪ್ಯಾರಾಕ್ಕೆ ಕನ್ನಡ ಎಂದು ಬರೆದು, ಒಳಗಿನ ಹಿಂದಿ ಪದಗಳನ್ನು ಒಂದೊಂದಾಗಿ ಬೇರೆ ಟ್ಯಾಗಿನಲ್ಲಿ ಸುತ್ತಿ ಎಚ್‌ಐ ಎಂದು ಬರೆದರೆ? ಬಾಹರ್ ಒಂದು, ಘೇರಾ ಒಂದು, ಪೈದಲ್ ಒಂದು. ಹಿಂದಿಗೆಂದು ಸ್ಟೈಲ್‌ಶೀಟಿನಲ್ಲಿ ಇದ್ದ ಅಳತೆ ಹದಿನಾರೇ ಆದದ್ದರಿಂದ ಆ ಪದಗಳೆಲ್ಲ ಕುಗ್ಗಿದವು. ಸಾಲುಗಳು ಹಾಲುಹಲ್ಲು ಬೀಳುತ್ತಿರುವ ಮಗುವಿನ ಬಾಯಿಯಂತಾದವು. ಕಾಣುವುದು ಹೇಗಾದರೂ ಇರಲಿ, ಮಾಸ್ತರರ ಮನೆಯವರ ಹಾಗೆ ಕೇಳುವವರಿಗೆ ಸರಿಯಾದರೆ ಸಾಕು ಎಂದುಕೊಂಡು, ಫೋನಿನಲ್ಲಿ ಓದುವ ದನಿಯನ್ನು ಚಾಲೂ ಮಾಡಿ ಆಯಿಯನ್ನೂ ಅಜ್ಜಾರನ್ನೂ ಕರೆದೆ.

ಕನ್ನಡದ ಹೆಣ್ಣುದನಿ ಶುರುಮಾಡಿತು. "ಸ್ಟೇಷನ್" ಎಂದಿತು. ಆಮೇಲೆ ಮೌನ. "ಬಂದ್ರ ಆಟೋದವ್ರು." ಮತ್ತೆ ಮೌನ. "ಹಾಕ್ತಾರ." ಹಿಂದಿ ಎಂದು ಗುರುತಿಸಿದ ಕಡೆ ಹಿಂದಿಯ ದನಿ ಬರಬೇಕು, ಆ ದನಿಗೆ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. ಅದು ಬಂದು, ಬಾಯಿ ತೆರೆಯದೆ, ಹಿಂತಿರುಗುತ್ತಿತ್ತು.

"ಅರ್ಧಾ ದಾರಿ ನುಂಗಿ ಹಾಕ್ತು" ಎಂದಳು ಆಯಿ. "ಸಾಂಡ್ ಎಲ್ಲಿ ಹೋತು? ಸಾಂಡ್ ಹೇಳದಿದ್ರ ಜನ ಹೋಗಿ ಅದರ ಮುಂದ ನಿಲ್ತಾರ!"

ಅಜ್ಜಾರು ಕಣ್ಣು ಮುಚ್ಚಿ ಕೇಳಿದ್ದರು. "ಮಗಳ, ಪೂರಾ ಕನ್ನಡ ಅಂತ ಬರದು ಒಮ್ಮೆ ಕೇಳಸು" ಎಂದರು.

ಸುತ್ತಿದ್ದನ್ನೆಲ್ಲ ಬಿಚ್ಚಿದೆ. ಮೇಲೆ ಒಂದೇ ಗುರುತು ಬರೆದೆ, ಕೆಎನ್. ಈ ಸಲ ಆ ಹೆಣ್ಣುದನಿ ಎಲ್ಲೂ ತಡವರಿಸದೆ, ಘೇರಾ, ಪೈದಲ್, ಸಾಂಡ್, ದಹಿ ಎಲ್ಲವನ್ನೂ ಹೇಳಿಕೊಂಡು, ಮಠದ ಬಾಗಿಲವರೆಗೆ ಕರೆದುತಂದಿತು.

"ನೋಡು," ಎಂದರು ಅಜ್ಜಾರು, "ಪ್ರತಿ ಮಾತಿನ ಕೊನೀಗೆ ಏನದ? ಹಾಕ್ತಾರ. ಬರ್ರಿ. ನಿಂತಿರ್ತದ. ಕೇಳಿದ್ರೂ. ನಡಸೂದು ಎಲ್ಲಾ ಕನ್ನಡಾನ. ಹಿಂದಿ ಬರೇ ಸಾಮಾನು."

"ನಾ ಮೊದಲ ಹೇಳಿದ್ನಲ್ಲ" ಎಂದು ಆಯಿ ಎದ್ದು ಒಲೆಯ ಕಡೆ ಹೋದಳು. ಮಗಳು ಆ ದಿನ ಸಂಜೆ ಪರದೆಯ ಮೇಲೆ ಆಯಿಯ ಪುಟ ತೆರೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಎರಡು ಸಾಲು ಓದಿದಳು. ಎಲ್ಲ ಪದವೂ ಗೊತ್ತಿದ್ದದ್ದೇ ಆದ್ದರಿಂದ ಅಕ್ಷರಗಳ ಗುರುತು ಸಿಗುತ್ತಿತ್ತು ಎಂದು ಕಾಣುತ್ತದೆ. ಮೂರನೆಯ ಸಾಲಿಗೆ ಬೇಸರವಾಗಿ ಎದ್ದುಹೋದಳು. ನಾನೂ ಒತ್ತಾಯ ಮಾಡಲಿಲ್ಲ.

ತಿದ್ದಿದ ಪುಟಗಳು ವೆಬ್‌ಸೈಟಿಗೆ ಹೋದ ಮೇಲೆ ಅಜ್ಜಾರು ಒಂದು ಬೆಳಿಗ್ಗೆ ಪೂರ್ತಿ ಟ್ಯಾಬ್ ಹಿಡಿದು ಕೂತು ಮಠದ ಹಳೆಯ ಕಥೆಗಳನ್ನು ಓದಿದರು. ಎಲ್ಲೋ ಒಂದು ಕಾಗುಣಿತ ತಪ್ಪು ಹುಡುಕಿ ನನ್ನನ್ನು ಕರೆದು ತೋರಿಸಿದರು. ಅವರಿಗೆ ಈಗ ತಪ್ಪು ಕಾಣುತ್ತಿದೆ ಎನ್ನುವುದೇ ನನಗೆ ಸಾಕಾಗಿತ್ತು.

ನಾಲ್ಕಾರು ದಿನದ ಮೇಲೆ ಧಾರವಾಡದಿಂದ ಫೋನ್ ಬಂತು. ಮಾಸ್ತರರ ನಂಬರೇ, ಆದರೆ ದನಿ ಅವರ ಹೆಂಡತಿಯದು. ನಾನು ಅವರೊಡನೆ ಅದುವರೆಗೆ ಮಾತಾಡಿರಲಿಲ್ಲ.

"ನೀನೇ ಏನವಾ ಈಗ ಬರಿಯಾಕಿ? ಮೂರು ವರ್ಷ ನಿನ್ನ ಪುಟ ನನ್ನ ಫೋನಿಗೆ ತಿಳೀತಿದ್ದಿಲ್ಲ. ಹಿಂದಿ ದನಿ ಬರೂದು, ಗುಂಯ್ ಅನ್ನೂದು, ಹೋಗೂದು. ನಾನೂ ಬಿಟ್ಟಿದ್ದೆ. ಈಗ ಎಲ್ಲಾ ಕೇಳಾಕತ್ತದ."

ಕೇಳಲು ಹೆದರಿದ್ದ ಪ್ರಶ್ನೆಗೆ ಉತ್ತರ ತಾನಾಗಿಯೇ ಬಂದಿತ್ತು. "ತಪ್ಪಾಗಿತ್ತ್ರಿ ಅಮ್ಮಾ. ಈಗ ಸರಿ ಮಾಡೀನಿ" ಎಂದೆ.

"ಆತ ಬಿಡು. ಆ ದಾರಿ ಹೇಳಿದಾಕಿ ಯಾರು? ಎಷ್ಟು ಚಲೋ ಹೇಳ್ಯಾಳ! ಆ ದಹಿ ದುಕಾನಿನ ತನಕ ನಡದಂಗ ಆತು ನನಗ. ಆಕಿ ಜೋಡಿ ಮಾತಾಡಬೇಕು. ಕೊಡು."

ಫೋನ್ ಹಿಡಿದು ಅಡುಗೆಮನೆಗೆ ಹೋದೆ. ಆಯಿಯ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಸ್ಪೀಕರ್ ಹಾಕಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅವರು ಧಾರವಾಡದಲ್ಲಿ, ಇವಳು ಇಲ್ಲಿ. ಹಿಟ್ಟಿಗೆ ಬಿಸಿನೀರು ಎಷ್ಟು, ಕಾಶಿಯಲ್ಲಿ ಸಿಗುವ ಜೋಳಕ್ಕೆ ಯಾಕೆ ಜಿಗುಟು ಬರುವುದಿಲ್ಲ, ಬೀದರಿನಲ್ಲಿ ಆಯಿಯ ತಂಗಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಎಲ್ಲ ಬಂತು. ಮಧ್ಯೆ ಒಮ್ಮೆ ಅವರು, "ಲಾಸ್ಟಿಗೆ ಏನಂದ್ರಿ?" ಎಂದು ಕೇಳಿದರು. ಆಯಿ ಅದನ್ನೇ ಇನ್ನಷ್ಟು ಹಿಂದಿ ಸೇರಿಸಿ, ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅವರಿಗೆ ತಿಳಿಯಿತು.

ನಾಲ್ಕು ಗಂಟೆಯಾಯಿತು. ನನಗೆ ಮನೆಗೆ ಹೋಗಬೇಕಿತ್ತು, ಫೋನ್ ಬೇಕಿತ್ತು. ಆಯಿ ರೊಟ್ಟಿ ಬಡಿಯುತ್ತಲೇ, ಕೂಡು ಎಂದು ಗದ್ದದಿಂದ ಮಣೆ ತೋರಿಸಿದಳು. ತವೆಯಿಂದ ಇಳಿದ ಮೊದಲ ರೊಟ್ಟಿಗೆ ಬೆಣ್ಣೆ ಸವರಿ ನನ್ನ ತಟ್ಟೆಗೆ ಹಾಕಿ, ಮತ್ತೆ ಮಾತಿಗೆ ತಿರುಗಿದಳು. ನಾನು ತಿನ್ನುತ್ತ ಕೂತೆ.